ಆಕಾಶದ ದಾರ ಹುಡುಕಿದ ಮೇಡಂ

ಮೊನ್ನೆ ಟ್ರಂಕಿನಿಂದ ಅವ್ವ ಹೊಲಿದ ಕೌದಿ ತೆಗೆದು ಮಾಳಿಗೆಯ ಮೇಲೆ ಬಿಸಿಲಿಗೆ ಹರವಿದೆ. ಹಳೆ ಸೀರೆ, ಡಾಂಬರು ಗುಳಿಗೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ಶಹಾಪುರದ ನಮ್ಮ ಮನೆಯಲ್ಲಿ ಬಾಡಿಗೆಗಿದ್ದ ಫಿಸಿಕ್ಸ್ ಮೇಡಂ ನೆನಪಾದರು...

ಸುರಪುರದವರು, ಡಿಗ್ರಿ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದರು. ಮನೆಗೆ ಬಂದರೆ ಸಾಕು, ಲ್ಯಾಪ್‌ಟಾಪಿನಲ್ಲಿ ಆಕಾಶದ ನಕ್ಷೆ. ಬರೀ ಕೆಂಪು, ನೀಲಿ ಚುಕ್ಕಿ! ಜಗತ್ತು ಹುಟ್ಟಿದ ಹೊಸತರಲ್ಲಿ ಹೊರಟ ಬೆಳಕಂತೆ ಅದು, ಇನ್ನೂ ಎಲ್ಲ ದಿಕ್ಕಿನಿಂದ ಬರುತ್ತಲೇ ಇದೆಯಂತೆ. ಅದರೊಳಗೆ ಮೇಡಂ ಒಂದು ಗೆರೆ ಹುಡುಕುತ್ತಿದ್ದರು.

ಒಂದು ರವಿವಾರ ಅವ್ವ ಕೌದಿ ಹೊಲಿಯುತ್ತಿದ್ದಾಗ ಪಕ್ಕಕ್ಕೆ ಬಂದು ಕೂತರು. "ಅಕ್ಕಾ, ಆಕಾಶದಾಗೂ ಇಂಥಾ ದಾರ ಇರಬಹುದ್ರಿ. ಕೂದಲಕಿಂತ ಎಷ್ಟೋ ಸಣ್ಣದು, ತೂಕ ಮಾತ್ರ ಗುಡ್ಡಕ್ಕೂ ಮೀರಿದ್ದು. ಅದು ಓಡಿಕೋತ ಹೋದ್ರ ಹಳೀ ಬೆಳಕು ಒಂದು ಮಗ್ಗಲಿಗಿ ಒಂಚೂರು ಬೆಚ್ಚಗ, ಇನ್ನೊಂದು ಮಗ್ಗಲಿಗಿ ತಣ್ಣಗ. ನಡುವ ಕತ್ತರಿಸಿದಂಗ ಗೆರಿ."

"ಸಿಕ್ರ ಏನ್ ಮಾಡ್ತೀರಿ?" ಅಂದಳು ಅವ್ವ.

"ಏನೂ ಇಲ್ರಿ. ಐತಿ ಅಂತ ಒಮ್ಮಿ ಗೊತ್ತಾದ್ರ ಸಾಕು."

ಹಾಗೆನ್ನುತ್ತ ಕೌದಿಯ ಹೊಲಿಗೆಯ ಮೇಲೆ ಮೆಲ್ಲಗೆ ಬೆರಳಾಡಿಸಿದರು. ಅವ್ವನಿಗೆ ಅಷ್ಟು ಸಾಕಾಯಿತು. ಕೌದಿಯ ಹೊಟ್ಟೆ ಖಾಲಿ ಇರಬಾರದೆಂದು ನಮ್ಮಲ್ಲಿ ಕೊನೆಯ ಮೂಲೆಗೆ ರೊಟ್ಟಿ ಚೂರು ಇಟ್ಟು ಹೊಲಿಯುತ್ತಾರೆ. ಯಾರಿಗೂ ಬಿಟ್ಟುಕೊಡದ ಆ ಕೆಲಸವನ್ನು ಅವ್ವ ಅಂದು ಅವರಿಗೇ ಕೊಟ್ಟಳು. "ನೀವ ಇಡ್ರಿ. ನಿಮ್ಮ ದಾರ ಸಿಗಲಿ." ಮೇಡಂ ವಿಜ್ಞಾನ ಗಿಜ್ಞಾನ ಬದಿಗಿಟ್ಟು, ತಲೆಯ ಮೇಲೆ ಸೆರಗು ಹೊದ್ದು, ಎರಡೂ ಕೈಯಿಂದ ಇಟ್ಟರು.

ಮುಂದೆ ಇನ್ನೂ ಸ್ಪಷ್ಟವಾದ ನಕ್ಷೆ ಬಂತು. ಗೆರೆ ಇರಲಿಲ್ಲ. ಅಂದು ಮೇಡಂ ಊಟ ಮಾಡಲಿಲ್ಲ. "ಇಲ್ಲ ಅಂತಲ್ರಿ ಅಕ್ಕಾ... ಇದ್ರ, ನಾವು ಅಂದ್ಕೊಂಡಿದ್ದಕಿಂತ ಹಗೂರ ಐತಿ, ಅಷ್ಟ," ಅಂದರು. ಆಮೇಲೆ ಯಾದಗಿರಿಗೆ ವರ್ಗವಾಯಿತು. ಹೋದ ವರ್ಷ ಕಾಯಿಲೆಯಲ್ಲಿ ತೀರಿಕೊಂಡರು.

ಸುದ್ದಿ ಹೇಳಿದಾಗ ಅವ್ವ ಇದ್ದಲ್ಲೇ ಗೋಡೆಗೊರಗಿ ಕೂತಳು. ಆಮೇಲೆ ಕೇಳಿದಳು, "ಪಾಪ, ಆ ದಾರ ಸಿಕ್ಕಿತ್ತೇನು ಆಕಿಗಿ?"

"ಹೂಂ ಅವ್ವಾ, ಸಿಕ್ಕಿತ್ತು," ಅಂದುಬಿಟ್ಟೆ.

"ಬೇಷಾತು ಬಿಡು," ಎಂದು ಕಣ್ಣೊರೆಸಿಕೊಂಡಳು.

ಈಗಲೂ ಆಕಾಶದ ಸುದ್ದಿ ಏನೇ ಬರಲಿ, ಮೊಬೈಲ್ ಹಿಡಿದು ಕೊನೆಯ ಸಾಲಿನವರೆಗೆ ಓದುತ್ತೇನೆ. ನನ್ನ ಸುಳ್ಳು ಒಂದು ದಿನ ನಿಜವಾದೀತು. ಆದರೆ ಓಡಿಹೋಗಿ ಹೇಳೋಣವೆಂದರೆ ಮೇಡಂ ಇಲ್ಲವಲ್ಲ...