ಗಿಳಿಹಸಿರು ಒಂದು ಕಿಲೋ

ಕೊಳ್ಳೇಗಾಲದ ಷಡಕ್ಷರಿಯವರ ರೇಷ್ಮೆ ಸೀರೆ ಕಾರ್ಖಾನೆಗೆ ಹೋದವರಿಗೆ ಮೊದಲು ಕಾಣುತ್ತಿದ್ದುದು ರತ್ನಳ ಸೊಂಟದ ಬೀಗದ ಕೈ, ಆಮೇಲೆ ಅವಳ ಮುಖ. ಅದು ನೂಲಿನ ಸ್ಟೋರಿನ ಬೀಗದ ಕೈ. ಮದುವೆಗೆ ಮುಂಚೆಯೇ ಮಧುವನಹಳ್ಳಿಯಿಂದ ಬಂದು ಅಲ್ಲಿ ನೂಲು ಸುತ್ತುವ ಕೆಲಸಕ್ಕೆ ಸೇರಿದವಳು ಅವಳು. ನೂಲು ಸುತ್ತುವುದೆಂದರೆ ಹಗಲಿಡೀ ನಿಂತೇ ಇರುವುದು, ಎಳೆ ಬೆರಳ ಸಂದಿಯನ್ನು ಕೊಯ್ಯುತ್ತಿದ್ದರೂ ಸುಮ್ಮನಿರುವುದು. ವರ್ಷಗಟ್ಟಲೆ ಹಾಗೆ ನಿಂತು ಕಾಲಿನ ನರ ಗಂಟುಗಂಟಾದ ಮೇಲೆ ಅವಳಿಗೆ ಸ್ಟೋರು ಸಿಕ್ಕಿತು, ಸ್ಟೋರಿನ ಜೊತೆ ಒಂದು ಕುರ್ಚಿ ಸಿಕ್ಕಿತು. ಆ ಕುರ್ಚಿಯನ್ನು ಬಿಟ್ಟುಕೊಡಲು ಅವಳು ತಯಾರಿರಲಿಲ್ಲ. ಯಾರಾದರೂ ಅಷ್ಟೆ, ಬಿಡುತ್ತಿರಲಿಲ್ಲ ಬಿಡಿ.

ಈ ವರ್ಷ ಷಡಕ್ಷರಿಯವರಿಗೆ ಸಾಫ್ಟ್‌ವೇರಿನ ಹುಚ್ಚು ಹತ್ತಿತು. ಅದನ್ನು ಹಾಕಿಕೊಡಲು ಮೈಸೂರಿನಿಂದ ಮೂರ್ತಿ ಎಂಬ ಹುಡುಗುಮುಖದ ಎಂಜಿನಿಯರ್ ಬಂದ. ಎಲ್ಲರನ್ನೂ ಮಗ್ಗಗಳ ಮುಂದೆ ನಿಲ್ಲಿಸಿ ಹೇಳಿದ: "ಯಾವ ಸೀರೆಗೆ ಎಷ್ಟು ನೂಲು ಬೇಕು, ಸ್ಟೋರಲ್ಲಿ ಎಷ್ಟಿದೆ, ಇನ್ನೆಷ್ಟು ತರಿಸಬೇಕು, ಎಲ್ಲಾ ಇದೇ ಲೆಕ್ಕ ಹಾಕುತ್ತೆ. ನೀವು ಸರಿಯಾದ ಅಂಕಿ ಕೊಟ್ಟರೆ ಸಾಕು. ಯಾವ ಅಂಕಿ ಯಾರು ಹಾಕಿದ್ದು ಅಂತ ಹೆಸರೂ ಬರುತ್ತೆ."

ಷಡಕ್ಷರಿಯವರು ತಮ್ಮದೂ ಒಂದು ಮಾತು ಸೇರಿಸಿದರು. "ಇದು ನಡೆಯಕ್ ಸುರುವಾದ್ರೆ ಸ್ಟೋರ್‌ಗೆ ಒಬ್ರು ಸಾಕು ಕಣ್ರಪ್ಪ."

ಸ್ಟೋರಿನಲ್ಲಿದ್ದವರು ಇಬ್ಬರು. ರತ್ನ ಒಬ್ಬಳು, ಕಂಪ್ಯೂಟರ್ ಕೋರ್ಸು ಮಾಡಿಕೊಂಡು ಬಂದಿದ್ದ ನಟರಾಜು ಇನ್ನೊಬ್ಬ. ಯಾರು ಉಳಿಯುತ್ತಾರೆ ಎಂದು ಯಾರೂ ಕೇಳಲಿಲ್ಲ. ಎಲ್ಲರೂ ರತ್ನಳ ಕಡೆ ಒಂದು ಸಲ ನೋಡಿ ಕೆಲಸಕ್ಕೆ ಹೋದರು. 

ಸ್ಟಾಕು ಎಣಿಸಿ ತುಂಬಿಸುವ ಕೆಲಸವನ್ನು ಅವಳು ಹಟ ಹಿಡಿದು ತಾನೇ ಮಾಡಿದಳು. ಒಂದೇ ಬೆರಳಲ್ಲಿ ಒತ್ತಿದರೂ ತಪ್ಪಿಲ್ಲದೆ ಒತ್ತಿದಳು. ಆದರೆ ಖಾಲಿಯಾದ ಬಣ್ಣಗಳ ಹತ್ತಿರ ಬಂದಾಗ ಬೆರಳು ನಿಂತಿತು. ಅವಳ ಮನೆಯಲ್ಲಿ ರಾಗಿಯ ವಾಡೆಯನ್ನು ತಳ ಕಾಣುವವರೆಗೆ ತೋಡಿದವರಿಲ್ಲ, ಒಂದು ಹಿಡಿಯಾದರೂ ಉಳಿಸಲೇಬೇಕು. ಸ್ಟೋರಿನಲ್ಲೂ ಅವಳದು ಅದೇ ರೂಢಿ. ಬಣ್ಣ ಮುಗಿದರೂ ನೂಲಿಡುವ ಗೂಡು ಬರಿದಾಗಬಾರದೆಂದು ನೂಲಿನ ಒಂದು ಹಳೆಯ ಲಡಿ ಅಲ್ಲೇ ಬಿದ್ದಿರುತ್ತಿತ್ತು. ಅದನ್ನು ನೇಯುವುದಿಲ್ಲ ಎಂದು ನೇಕಾರರಿಗೆಲ್ಲ ಗೊತ್ತು, ಷಡಕ್ಷರಿಯವರಿಗೂ ಗೊತ್ತು. ಹೊಸ ವ್ಯವಸ್ಥೆ ಶುರುವಾಗುವ ದಿನ, ಅದೂ ಪೂಜೆ ಮಾಡಿ ಕುಂಕುಮ ಇಟ್ಟ ಕಂಪ್ಯೂಟರಿಗೆ, ಸೊನ್ನೆ ಒತ್ತುವುದು ಹೇಗೆ? ಲಡಿಯ ತೂಕವನ್ನೇ ಹಾಕೋಣವೆಂದರೆ, ಕಿಲೋ ಲೆಕ್ಕದಲ್ಲಿ ಅದೂ ಸೊನ್ನೆಯಿಂದಲೇ ಶುರುವಾಗುವ ಅಂಕಿ. ಖಾಲಿ ಬಣ್ಣಗಳಿಗೆಲ್ಲ ಅವಳು 'ಒಂದು' ಎಂದು ಹಾಕಿ ಮುಂದೆ ಹೋದಳು. ಆ ಬಣ್ಣಗಳಲ್ಲಿ ಗಿಳಿಹಸಿರೂ ಇತ್ತು.

ಮೊದಲ ದೊಡ್ಡ ಆರ್ಡರು ಬಂದದ್ದೇ ಗಿಳಿಹಸಿರಿಗೆ. ಒಂದೇ ಮದುವೆ ಮನೆಯ ಹೆಂಗಸರಿಗೆಲ್ಲ ಒಂದೇ ಬಣ್ಣದ ಸೀರೆ. ಸಾಫ್ಟ್‌ವೇರು ಬೇಕಾದ ನೂಲಿನಲ್ಲಿ ರತ್ನಳ ಒಂದು ಕಿಲೋ ಕಳೆದು, ಉಳಿದದ್ದಕ್ಕೆ ಅಗರದಲ್ಲಿ ನೂಲಿಗೆ ಬಣ್ಣ ಹಾಕುವವರಿಗೆ ಆರ್ಡರು ಕಳಿಸಿತು. ನೂಲು ಬಂದ ದಿನ ತೂಗಿದರೆ ಆರ್ಡರಿಗೆ ಸರಿಯಾಗಿತ್ತು. ಪರದೆಯ ಮೇಲೆ ಸರಿ ಎಂಬ ಗುರುತು ಬಿತ್ತು. "ನೋಡಿದ್ರಾ ಸರ್, ಒಂದೆಳೆ ಹೆಚ್ಚಿಲ್ಲ, ಒಂದೆಳೆ ಕಮ್ಮಿಯಿಲ್ಲ" ಎಂದ ಮೂರ್ತಿ.

ಅವನ ಹಿಂದೆ ನಿಂತಿದ್ದ ರತ್ನ ಪರದೆಯ ಮೂಲೆಯಲ್ಲಿ 'ಹಳೆ ಸ್ಟಾಕು ಒಂದು ಕಿಲೋ' ಎಂಬ ಸಾಲನ್ನೂ, ಅದರ ಪಕ್ಕದಲ್ಲಿ ತನ್ನ ಹೆಸರನ್ನೂ ಓದಿದಳು. ಆ ಒಂದು ಕಿಲೋ ಸ್ಟೋರಿನಲ್ಲಿ ಇಲ್ಲವೇ ಇಲ್ಲ. ಕೊನೆಯ ಸೀರೆಗಳಿಗೆ ಹೊಕ್ಕಿನ ನೂಲು ಸಾಲುವುದಿಲ್ಲ. ಒಂದು ಕಿಲೋ ಮತ್ತೆ ಬಣ್ಣ ಹಾಕಿಸೋಣವೆಂದರೆ, ಬೇರೆ ಹಂಡೆಯಲ್ಲಿ ಅದ್ದಿದ ಹಸಿರು ಈ ಹಸಿರಿಗೆ ಕೂಡುವುದಿಲ್ಲ. ಈಗಲೇ ಹೇಳಬೇಕು ಎಂದು ಬಾಯಿ ತೆರೆದಳು. ಅಷ್ಟರಲ್ಲಿ ಷಡಕ್ಷರಿಯವರು ಮೂರ್ತಿಯ ಬೆನ್ನು ತಟ್ಟಿ, ಎಲ್ಲರಿಗೂ ಮೈಸೂರು ಪಾಕು ಹಂಚಲು ಹೇಳಿದರು. ನಟರಾಜು ತಟ್ಟೆ ಹಿಡಿದು ಅವಳ ಮುಂದೆ ನಿಂತು, "ತಕೊಳ್ಳಕ್ಕ" ಎಂದ. ಅವಳು ತಕೊಂಡಳು. ಬಾಯಿ ಮುಚ್ಚಿಕೊಂಡಳು.

ಮನೆಗೆ ಹೋದ ಮೇಲೆ ತನಗೆ ತಾನೇ ಸಮಾಧಾನ ಹೇಳಿಕೊಂಡಳು. ನೇಕಾರರ ಕೈಯಲ್ಲಿ ಈ ಸಲ ನೂಲು ಕಮ್ಮಿ ಪೋಲಾಗಬಹುದು, ಮದುವೆ ಮನೆಯವರೇ ಎರಡು ಸೀರೆ ಬೇಡ ಅನ್ನಬಹುದು, ಕಂಪ್ಯೂಟರೇ ಕೆಟ್ಟು ಹೋಗಬಹುದು. ಹೆದರಿದ ಮನಸ್ಸು ಏನೇನೆಲ್ಲ ಹೆಣೆಯುತ್ತದೆ! ಹೇಳಿದರೆ ಕುರ್ಚಿ ಹೋಗುತ್ತದೆ, ಹೇಳದಿದ್ದರೂ ಒಂದು ವಾರಕ್ಕೆ ಹೋಗುತ್ತದೆ. ಆದರೂ ಆ ಒಂದು ವಾರ ಅವಳಿಗೆ ಬೇಕಾಗಿತ್ತು.

ಮಾರನೆಯ ದಿನ ಬೆಳಿಗ್ಗೆ ಸ್ಟೋರಿಗೆ ಮೊದಲು ಬಂದವನು ಜಡೇಸ್ವಾಮಿ. ಬಂಡಳ್ಳಿಯಿಂದ ದಿನಾ ಬಸ್ಸಲ್ಲಿ ಬರುವ ನೇಕಾರ. ಆರ್ಡರಿನ ಕೊನೆಯ ಸೀರೆಗಳು ಅವನ ಮಗ್ಗಕ್ಕೇ ಬಿದ್ದಿದ್ದವು.

"ಅಕ್ಕ, ನನ್ ಮಗ್ಗಕ್ಕೆ ನೂಲು ಕಡ್ಮೆ ಬೀಳಾಕಿಲ್ವಲ್ಲ? ಅಷ್ಟು ದೂರದಿಂದ ಬಂದು ಕೈ ಕಟ್ಕಂಡು ಕುಂತ್ಕಬೇಕಾಯ್ತದೆ, ಅದ್ಕೇ ಕೇಳ್ದೆ."

"ಬೀಳಲ್ಲ ಓಗು" ಎನ್ನಲು ಹೊರಟವಳು ಕುರ್ಚಿಯಿಂದ ಎದ್ದಳು. ಅವನನ್ನು ಅಲ್ಲೇ ಬಿಟ್ಟು ನೇರ ಷಡಕ್ಷರಿಯವರ ಕೋಣೆಗೆ ನಡೆದಳು. ಮೂರ್ತಿಯೂ ಅಲ್ಲೇ ಕೂತಿದ್ದ. ನಿಂತ ಕಾಲಲ್ಲೇ ಎಲ್ಲ ಹೇಳಿದಳು. ಬರಿದಾದ ಗೂಡು, ಹಳೆ ಲಡಿ, ಒತ್ತಲಾಗದ ಸೊನ್ನೆ, ಯಾವುದನ್ನೂ ಮುಚ್ಚಿಡಲಿಲ್ಲ.

"ಅಯ್ಯೋ, ಸ್ಟಾಕ್ ಇಲ್ಲದಿದ್ರೆ ಸೊನ್ನೆ ಹಾಕೋಕೇನಮ್ಮಾ?" ಎಂದ ಮೂರ್ತಿ.

"ನೀವು ಸುಮ್ಕಿರಿ ಸ್ವಲ್ಪ" ಎಂದರು ಷಡಕ್ಷರಿಯವರು. ಆಗಲೇ ಅಗರಕ್ಕೆ ಫೋನು ಹಚ್ಚಿದ್ದರು. ಆ ಕಡೆಯವನು ಏನೋ ಹೇಳಿದ. ಇವರು "ಯಾವಾಗ್ಲಾ?" ಎಂದರು. ಮತ್ತೆ ಏನೂ ಕೇಳದೆ ಫೋನು ಇಟ್ಟರು.

"ನೆನ್ನೆಯೆಲ್ಲ ಅದೇ ಬಣ್ಣದ ನೀರು ಹಂಡೇಲೇ ಇತ್ತಂತೆ. ಒಂದ್ ಕಿಲೋ ಅದ್ದಕ್ಕೆ ಧಾರಾಳ ಆಯ್ತಿತ್ತಂತೆ. ಬೆಳಿಗ್ಗೆ ಎದ್ದು ಚೆಲ್ಲವ್ನೆ."

ಬೈದಿದ್ದರೆ ರತ್ನಳಿಗೆ ಹಗುರಾಗುತ್ತಿತ್ತು. ಅವರು ಬೈಯಲಿಲ್ಲ.

"ಸೊನ್ನೆ ಆಕದೆ ಇದ್ದದ್ದು ಬುಡು, ನಾನೂ ಆಕ್ತಿರ್ನಿಲ್ಲ. ನಮ್ಮಮ್ಮ ಉಪ್ಪಿನ ಮರಿಗೆ ಖಾಲಿ ಮಾಡಿದ್ದ ನಾ ಕಾಣೆ. ಆದ್ರೆ ನೆನ್ನೆ ನಿಂಗೆ ಗೊತ್ತಾಯ್ತಲ್ಲ ರತ್ನ, ನೆನ್ನೆ ಯಾಕಮ್ಮ ಏಳ್ನಿಲ್ಲ?"

ಕುರ್ಚಿ ಉಳಿಸಿಕೊಳ್ಳಲು ಸುಮ್ಮನಿದ್ದಳು, ಆ ಸುಮ್ಮನಿದ್ದ ಒಂದು ಸಂಜೆಯಲ್ಲೇ ಕುರ್ಚಿ ಹೋಗಿತ್ತು. ಸೊಂಟದಿಂದ ಬೀಗದ ಕೈ ಬಿಚ್ಚಿ ಮೇಜಿನ ಮೇಲಿಟ್ಟಳು. ಯಾರೂ ಕೇಳಿರಲಿಲ್ಲ. ಷಡಕ್ಷರಿಯವರು ಅದನ್ನು ತನ್ನ ಕಡೆಗೆ ತಳ್ಳುತ್ತಾರೇನೋ ಎಂದು ಒಂದು ಗಳಿಗೆ ನಿಂತು ನೋಡಿದಳು.

ಅವರು ನಟರಾಜುವನ್ನು ಕೂಗಿದರು.