ಕಾಲಿಗೆ ಭಾರ ಹಾಕಬಾರದು

ಕಲ್ಲಡ್ಕದಿಂದ ಬೆಳುವಾಯಿಯವರೆಗೆ ಹುಡುಕಿದರೂ ನನ್ನಷ್ಟು ಪಥ್ಯ ಮಾಡಿದ ರೋಗಿ ಸಿಗಲಿಕ್ಕಿಲ್ಲ. ಮದುವೆ ಅಡುಗೆಗೆ ಹೋದಲ್ಲಿ ಜಾರಿ ಬಿದ್ದು ನನ್ನ ಪಾದದ ಗಂಟಿನ ಎಲುಬು ಬಿರುಕು ಬಿಟ್ಟಿತ್ತು. ಡಾಕ್ಟರಮ್ಮ ಪ್ಲಾಸ್ಟರ್ ಸುತ್ತಿ, "ಆರು ವಾರ ಕಾಲಿಗೆ ಭಾರ ಹಾಕಬಾರದು" ಅಂದರು. ಕೊಪ್ಪರಿಗೆ ಬಿಡಿ, ನಾನು ಸೌಟು ಕೂಡ ಎತ್ತಲಿಲ್ಲ. ಒಲೆಯ ಪಕ್ಕ ನಿಂತು ಬಾಯಿಯಲ್ಲೇ ನಾಲ್ಕು ಮದುವೆಯ ಅಡುಗೆ ಮಾಡಿಸಿದೆ. ಐದನೆಯದು ನನ್ನ ಮಗಳದ್ದು, ಅಷ್ಟರಲ್ಲಿ ಕಾಲು ಸರಿಯಾಗಲೇಬೇಕಿತ್ತು.

ಡಾಕ್ಟರಮ್ಮ ಹೊಸ ಎಕ್ಸ್‌ರೇ ನೋಡಿ, "ಎಲುಬು ಜರಗಿದೆ, ಆಪರೇಷನ್ ಮಾಡಿ ಸ್ಕ್ರೂ ಹಾಕಬೇಕು. ಭಾರ ಹಾಕಿದ್ರಾ?" ಎಂದು ಕೇಳಿದರು.

"ಒಂದು ಲಿಂಬೆಹುಳಿ ಸಹ ಎತ್ತಲಿಲ್ಲ ಡಾಕ್ಟ್ರೇ. ಇಡೀ ದಿನ ಸುಮ್ಮನೆ ನಿಂತೇ ಇದ್ದೆ."

"ನಿಮ್ಮ ಭಾರವೇ ಬೀಳಬಾರದು ಅಂತ ನಾನು ಹೇಳಿದ್ದು ಮಾರಾಯ್ರೆ. ಇನ್ನು ಮಗಳ ಮದುವೆಗೆ ಕೂತೇ ಇರಿ."

ನನಗೆ ಇವತ್ತಿಗೂ ಅರ್ಥವಾಗಿಲ್ಲ. ತೊಂಬತ್ತೈದು ಕಿಲೋ ಇದ್ದೇನೆ, ಒಪ್ಪಿದೆ. ಆದರೆ ಮದುವೆಯಾಗಿ ಮೂವತ್ತು ವರ್ಷದಲ್ಲಿ ಹೆಂಡತಿ ಕೂಡ ನನ್ನನ್ನು ಭಾರ ಅಂದವಳಲ್ಲ.