ಸುಚಿತ್ರಾಳ ಮೇಲ್‌ಗೆ ನನ್ನ ನಂಬರು

ನಾನು ಓದಿದ್ದು ಮೂರನೇ ಕ್ಲಾಸು. ಆದರೂ ನಮ್ಮೂರಲ್ಲಿ ಗ್ಯಾಸ್ ಬುಕ್ಕಾಗಬೇಕಾದರೆ, ಪಿಯುಸಿ ರಿಸಲ್ಟ್ ಬರಬೇಕಾದರೆ, ಬ್ಯಾಂಕಿನವರು ಯಾರಿಗಾದರೂ ಒಟಿಪಿ ಕಳಿಸಬೇಕಾದರೆ, ಎಲ್ಲಾ ನನ್ನ ಫೋನಿಗೇ ಬರಬೇಕು. ನನ್ನ ಬುದ್ಧಿ ನೋಡಿ ಅಲ್ಲ. ಹೊಸನಗರದ ಈಚೆ ಗುಡ್ಡದ ಸಂದಿಯಲ್ಲಿರೋ ನಮ್ಮೂರಿಗೆ ನೆಟ್‌ವರ್ಕ್ ಸಿಗೋದು ನಮ್ಮನೆ ಕೊಟ್ಟಿಗೆ ಹಿಂದಿನ ದಿಬ್ಬದ ಮೇಲೆ ಮಾತ್ರ. ಹಾಗಾಗಿ ಎಲ್ಲರೂ ಎಲ್ಲಾ ಕಡೆಗೂ ನನ್ನ ನಂಬರೇ ಕೊಟ್ಟಿದ್ದಾರೆ. ಒಟಿಪಿ ಬಂದ ಕೂಡಲೇ ನಾನು ದಿಬ್ಬದಿಂದ ಕೂಗೋದು, ಕೆಳಗಿನವರು ಬರ್ಕೊಳ್ಳೋದು. ಗುಟ್ಟನ್ನ ಇಷ್ಟು ಜೋರಾಗಿ ಕಾಪಾಡಿದವಳು ಈ ತಾಲೂಕಲ್ಲಿ ಇನ್ನೊಬ್ಬಳಿಲ್ಲ.

ಸುಚಿತ್ರಾ ಮಂಡಗದ್ದೆ ಕಡೆಯ ಹುಡುಗಿ. ನಮ್ಮೂರಿನ ಪ್ರದೀಪನಿಗೆ ಕೊಟ್ಟಿದ್ದು. ರವಿಕೆ ಹೊಲೀತಾಳೆ. ಬಾಯಲ್ಲಿ ಯಾವಾಗಲೂ ಗುಂಡುಪಿನ್ನು. ಅದಕ್ಕೇ ಮಾತು ಕಮ್ಮಿಯೋ, ಮಾತು ಬೇಡ ಅಂತಲೇ ಪಿನ್ನು ಕಚ್ಚೋದೋ, ದೇವರಿಗೇ ಗೊತ್ತು. ಅಳತೆಗೆ ಹಳೇ ರವಿಕೆ ಕೊಟ್ಟರೆ, ಹೊಸದರ ಜೊತೆ ಅದನ್ನೂ ವಾಪಸು ಕೊಡ್ತಾಳೆ. ತನ್ನ ಹತ್ತಿರ ಏನೂ ಬರೆದಿಟ್ಟುಕೊಳ್ಳೋದಿಲ್ಲ. "ಹೂವಯ್ಯನ ಸೊಸೆ ಸೊಂಟ ಈಗ ಎಷ್ಟಾಗಿದ್ಯೇ?" ಅಂತ ಒಂದ್ಸಲ ಬೆಲ್ಲ ಕೊಟ್ಟು ಕೇಳಿದ್ದೆ. "ನೆನಪಿಲ್ಲ ಅಜ್ಜಿ" ಅಂದ್ಲು. ಬೆಲ್ಲ ಮಾತ್ರ ತಿಂದ್ಲು.

ಶಾಲೆ ಹಿಂದೆ ಕಲ್ಲು ಕ್ವಾರಿ ಶುರುವಾಯ್ತು. ಬಂಡೆ ಸಿಡಿಸಿದಾಗಲೆಲ್ಲ ಶಾಲೆ ಗೋಡೆ ಬಿರುಕು ಬಿಡೋದು. ಆ ಗೋಡೆ ಕೆಳಗೇ ಸುಚಿತ್ರಾಳ ಮಗಳು ಕೂರೋದು. ದೂರು ಕೊಡೋಣ ಅಂದ್ರೆ, ಪ್ರದೀಪ ಓಡಿಸೋದು ಅದೇ ಕ್ವಾರಿಯ ಟಿಪ್ಪರು, ಹೊಲಿಗೆ ಅಂಗಡಿ ಇರೋದು ಅದೇ ಮಾಲೀಕನ ಕಟ್ಟಡದಲ್ಲಿ. ಹೆಸರು ಗೊತ್ತಾದರೆ ಎರಡೂ ಹೋಗುತ್ತೆ. ಅದಕ್ಕೆ ಇವಳು ಹೊರದೇಶದ ಯಾವುದೋ ಕಂಪನಿಯ ಗುಟ್ಟಿನ ಮೇಲ್ ಮಾಡ್ಕೊಂಡು, ಗೋಡೆಯ ಫೋಟೋ ಸಮೇತ ಅಧಿಕಾರಿಗಳಿಗೆ, ಕ್ವಾರಿಯವನಿಗೆ, ಪೇಪರಿನವರಿಗೆ ಬರೆಯೋಕೆ ಹಿಡಿದ್ಲು. ಗಂಡನಿಗೂ ಹೇಳಲಿಲ್ಲ. ನೆಟ್‌ವರ್ಕಿಗೆ ನಮ್ಮ ದಿಬ್ಬಕ್ಕೇ ಬರಬೇಕಲ್ಲ, ನನಗೆ ಹೇಳದೆ ವಿಧಿ ಇರಲಿಲ್ಲ.

"ಸರ್ಕಾರ ಕೇಳಿದ್ರೆ ಆ ಕಂಪನಿಯವ್ರು ಹೇಳ್ಬಿಡಲ್ವೇನೆ?" ಅಂದೆ.

"ಒಳಗೇನು ಬರ್ದಿದೀನಿ ಅಂತ ಅವ್ರಿಗೇ ಓದಕ್ಕಾಗಲ್ಲ ಅಜ್ಜಿ. ಅವರ ದೇಶದ ಕೋರ್ಟು ಹೇಳಿದ್ರೆ ಇರೋದನ್ನ ಕೊಡ್ಲೇಬೇಕು. ಇಲ್ದೇ ಇರೋದನ್ನ ಹೆಂಗೆ ಕೊಡ್ತಾರೆ?"

"ನಿನ್ನ ಅಳತೆ ರವಿಕೆ ಥರ."

"ಹೂಂ."

ಇಷ್ಟು ಜಾಣೆ ಒಂದೇ ಕಡೆ ಜಾರಿದ್ಲು. ಪಾಸ್‌ವರ್ಡ್ ಮರೆತರೆ ಬೇಕಾಗುತ್ತೆ, ಒಂದು ಫೋನ್ ನಂಬರ್ ಕೊಡಿ ಅಂತ ಕೇಳಿದ ಜಾಗದಲ್ಲಿ, ಊರವರೆಲ್ಲ ಮಾಡೋ ಹಾಗೆ, ಯೋಚನೆ ಮಾಡದೆ ನನ್ನ ನಂಬರು ಒತ್ತಿದ್ಲು. ಬಂದ ಒಟಿಪಿಯನ್ನ ಪಕ್ಕದಲ್ಲೇ ನಿಂತಿದ್ದವಳಿಗೂ ನಾನು ಅಭ್ಯಾಸಬಲದಿಂದ ಕೂಗಿಯೇ ಹೇಳಿದೆ.

ಕ್ವಾರಿ ಮಾಲೀಕ ಜೀವಬೆದರಿಕೆ ಅಂತೆಲ್ಲ ಸೇರಿಸಿ ದೂರು ಕೊಟ್ಟ. ದೂರು ಸಮುದ್ರ ದಾಟಿ, ಅಲ್ಲಿನ ಕೋರ್ಟು ಹತ್ತಿ ಇಳಿದು ಬರೋಕೆ ತಿಂಗಳುಗಟ್ಟಲೆ ಹಿಡೀತು. ಆಮೇಲೆ ಒಂದಿನ ಸೈಬರ್ ಪೊಲೀಸಿನ ನಾಗೇಂದ್ರ ಅನ್ನೋರು ನಮ್ಮ ಅಂಗಳಕ್ಕೆ ಬಂದ್ರು. ಕಂಪನಿ ಕೊಟ್ಟಿದ್ದು ಮೇಲ್ ಶುರುವಾದ ತಾರೀಕು, ಮತ್ತೆ ನನ್ನ ನಂಬರು, ಅಷ್ಟೇ. ನನ್ನ ರವಿಕೆ ಕೊಡೋಕೆ ಬಂದಿದ್ದ ಸುಚಿತ್ರಾ ಅಡಿಗೆಮನೆ ಬಾಗಿಲ ಹಿಂದೆ ಕಂಬ ಆಗಿ ನಿಂತಳು.

"ಈ ನಂಬರು ಯಾರ್ದಮ್ಮಾ?"

"ನಂದೇ. ಮಜ್ಜಿಗೆ ಕೊಡ್ಲಾ?"

"ಈ ಮೇಲ್ ಐಡಿ ನಿಮ್ದಾ?"

"ರುಜು ಹಾಕಕ್ಕೇ ನನಗೆ ಅರ್ಧ ಬೆಳಗು ಬೇಕು ಸ್ವಾಮಿ."

"ಹಂಗಾರೆ ನಿಮ್ಮ ನಂಬರ್ ಕೊಟ್ಟೋರು ಯಾರು?"

ನಾನು ಎದೆ ಉಬ್ಬಿಸಿದೆ. "ಆ ಕಂಪನಿಯವ್ರು ಬಾಯಿ ಬಿಡಕ್ಕೆ ಕೋರ್ಟಿನ ಆರ್ಡರು ಕೇಳಿದ್ರಂತಲ್ಲ. ನಂಗೂ ತನ್ನಿ."

"ಅಜ್ಜಿ, ನೀವು ಕಂಪನಿ ಅಲ್ಲ."

ಅಲ್ಲಿಗೆ ನನ್ನ ಧೈರ್ಯ ಮುಗೀತು. ಹೆದರಿದರೆ ಕೆಲವರಿಗೆ ನಾಲಿಗೆ ಒಣಗುತ್ತೆ, ನನ್ನದು ಚಿಗುರುತ್ತೆ. "ಮಾಸ್ತಮ್ಮಂದು ಪಿಂಚಣಿ ಇದಕ್ಕೇ ಬರೋದು. ಕನ್ನಪ್ಪಂದು ಗ್ಯಾಸು, ಅವನ ಗ್ಯಾಸು ಮುಗಿಯೋದೇ ಇಲ್ಲ ಬಿಡಿ, ಬೆಂಕಿಯೆಲ್ಲ ಸೌದೆ ಒಲೇಲೇ. ಹೂವಯ್ಯನ ಸೊಸೆಯ ಸೀರೆ ಪಾರ್ಸೆಲ್ಲು, ಅವಳ ಅತ್ತೆಗೆ ಹೇಳ್ಬೇಡಿ ಮತ್ತೆ. ಹೊಲಿಗೆ ಸುಚಿತ್ರಾ..."

ಒಳಗೆ ಲೋಟ ಬಿತ್ತು.

"ಬೆಕ್ಕು," ಅಂದೆ. ಅಲ್ಲೇ ನಿಲ್ಲಿಸಿದ್ರೆ ಕೆಟ್ಟೆ ಅನ್ನಿಸಿ ಮುಂದೆ ಓಡಿದೆ. "ಅಂಗನವಾಡಿ ಟೀಚರು, ಹಾಲಿನ ಸೊಸೈಟಿ, ವಿನೋದನ ಲೈಸೆನ್ಸು, ಕ್ವಾರಿ ಆಫೀಸು..."

ಅವರು ಬರೆಯೋದು ನಿಲ್ಲಿಸಿದ್ರು. "ಕ್ವಾರಿ ಆಫೀಸಿಂದೂ ನಿಮ್ಮ ನಂಬರೇನಾ?"

"ಅವ್ರಿಗೇನು ಬೇರೆ ಆಕಾಶದಿಂದ ನೆಟ್‌ವರ್ಕ್ ಬರುತ್ತಾ?"

ನಾಗೇಂದ್ರ ಪೆನ್ನಿಗೆ ಮುಚ್ಚಳ ಹಾಕಿ ಮಜ್ಜಿಗೆ ಕುಡಿದ್ರು. "ಇದು ಇಡೀ ಊರಿನ ನಂಬರು, ಬರೆದೋರು ಇಂಥೋರೇ ಅನ್ನಕ್ಕಾಗಲ್ಲ ಅಂತ ಬರೀತೀನಿ," ಅಂದ್ರು. ಹೋಗುವಾಗ ಶಾಲೆ ಮುಂದೆ ಜೀಪು ನಿಲ್ಲಿಸಿ ಗೋಡೆ ನೋಡಿದ್ರಂತೆ. ಅಜ್ಜಿ ಪೊಲೀಸಿಗೇ ಟೋಪಿ ಹಾಕಿದ್ಲು ಅಂತ ಊರಲ್ಲಿ ಈಗಲೂ ಮಾತಿದೆ. ನಾನು ಅಲ್ಲ ಅನ್ನಲು ಹೋಗಿಲ್ಲ. ಸುಮ್ಮನಿರೋದು ಹೇಗೆ ಅಂತ ಗೊತ್ತಿದ್ದಿದ್ದರೆ ಸುಮ್ಮನೇ ಇರ್ತಿದ್ದೆ.

ಸುಚಿತ್ರಾ ಹೊರಗೆ ಬಂದಾಗ ಮುಖ ಸುಣ್ಣದ ಹಾಗಿತ್ತು. "ನನ್ನ ಹೆಸ್ರೂ ಹೇಳೇ ಬಿಟ್ರಲ್ಲ ಅಜ್ಜಿ!"

"ಊರಷ್ಟೂ ಜನದ್ದು ಹೇಳಿ ನಿಂದೊಂದು ಬಿಟ್ಟಿದ್ರೆ ಚೆನ್ನಾಗಿರ್ತಿತ್ತಾ?"

"ಇನ್ನು ನಮ್ಮನೆಯವ್ರಿಗೆ ಹೇಳ್ಲೇಬೇಕು. ಬೇರೆಯವರ ಬಾಯಿಂದ ಗೊತ್ತಾದ್ರೆ ನಾನು ಸತ್ತೆ. ನೀವು ಪಕ್ಕದಲ್ಲಿರಿ," ಅಂದ್ಲು.

ಸಂಜೆ ಪ್ರದೀಪನನ್ನ ನಮ್ಮ ಜಗಲಿಗೇ ಕರೆಸಿದ್ಲು. ಮೊದಲಿಂದ ಕೊನೆತನಕ ಹೇಳಿದ್ಲು. ಅವನು ಅಡಿಕೆ ಹೋಳು ಬಾಯಿಗೆ ಹಾಕ್ಕೊಂಡು ಕೇಳಿದ.

"ಗೊತ್ತು," ಅಂದ.

"ಹೆಂಗೆ?"

"ಮಾಲೀಕ ಆ ಮೇಲನ್ನ ಡ್ರೈವರುಗಳನ್ನೆಲ್ಲ ನಿಲ್ಲಿಸಿ ಓದಿದ, ಯಾರು ಬರ್ದಿರಬೌದು ಹೇಳ್ರೋ ಅಂತ. 'ಇಷ್ಟೂ ತಿಳಿಯಲ್ವಾ ನಿಮಗೆ, ಎಷ್ಟು ಸಲ ಹೇಳ್ಬೇಕು' ಅಂತಿತ್ತು. ಆ ಬೈಗಳ ದಿನಾ ತಿನ್ನೋನಿಗೆ ಗೊತ್ತಾಗಲ್ವೇನೆ?"

"ನೀವೇನಂದ್ರಿ ಮತ್ತೆ?"

"ಯಾರೋ ತುಂಬ ಓದ್ಕೊಂಡಿರೋರು ಬರ್ದಿದಾರೆ ಸಾರ್, ನಮ್ಮೂರೋರಲ್ಲ ಅಂದೆ."

ಸುಚಿತ್ರಾಗೆ ಅಳು ಬಂತೋ ನಗು ಬಂತೋ, ಸೆರಗು ಬಾಯಿಗೆ ಒತ್ತಿಕೊಂಡು ಕೂತಳು. ನನಗೆ ಮಾತ್ರ ಕೋಪವೇ ಬಂತು. ಇವನು ಎದುರು ಸಿಕ್ಕಾಗಲೆಲ್ಲ ಬಾಯಿ ಜಾರೀತು ಅಂತ ನಾನು ತಿಂಗಳುಗಟ್ಟಲೆ ದನ ಹುಡುಕೋ ನೆಪದಲ್ಲಿ ಬೇರೆ ದಾರಿ ಹಿಡಿದು ಓಡಿದ್ದೆಲ್ಲ ದಂಡವಾಯ್ತಲ್ಲ!